ಅಭಿಮನ್ಯುವಿಗೆ ಐವತ್ತೆರಡು

ಕಳೆದ ಬೇಸಿಗೆಯಲ್ಲಿ ಗುಬ್ಬಿ ಕಡೆಯ ಒಂದು ಊರಿನಲ್ಲಿ ಅಭಿಮನ್ಯು ಸತ್ತಾಗ ಬೆಳಗಿನ ಜಾವ ಮೂರೂವರೆ. ಸತ್ತವರಿಗೆ ಐವತ್ತೆರಡು ವರ್ಷ. ಪೋಸ್ಟರಿನಲ್ಲಿದ್ದ ಫೋಟೊ ಮಾತ್ರ ಮದುವೆಯಾದ ಹೊಸತರದ್ದು. ಚಕ್ರವ್ಯೂಹದ ಒಳಕ್ಕೆ ಹೋಗುವುದು ಗೊತ್ತು, ಹೊರಕ್ಕೆ ಬರುವುದು ಗೊತ್ತಿಲ್ಲ ಎಂಬುದು ಎಲ್ಲರೂ ಕೇಳಿದ ಕಥೆ. ನಮ್ಮ ಅಭಿಮನ್ಯುವಿಗೆ ಮಂಡಿ ಸವೆದಿದ್ದರಿಂದ ಎರಡೂ ಕಷ್ಟವಾಗಿತ್ತು. ಬಿದ್ದ ಮೇಲೆ ಏಳಿಸಲು ಇಬ್ಬರು ಕೌರವರು ಕೈ ಕೊಟ್ಟರು. ಧರ್ಮಯುದ್ಧ ಎಂದರೆ ಹೀಗಿರಬೇಕು.

ಮುಂದಿನ ಸಾಲಿನಲ್ಲಿ ಅವರ ಮಗ ಕೂತಿದ್ದ. ಮೊದಲ ಪಿಯುಸಿ, ವಯಸ್ಸು ಹದಿನಾರು. ಅಭಿಮನ್ಯುವಿನ ವಯಸ್ಸು ಮಗನ ಹತ್ತಿರ ಇತ್ತು, ಅಭಿಮನ್ಯುವಿನ ಪಾತ್ರ ಅಪ್ಪನ ಹತ್ತಿರ ಇತ್ತು. ಅಪ್ಪ ಸಾಯುವುದನ್ನು ಮಗ ಮೊಬೈಲಿನಲ್ಲಿ ಎರಡು ಸಲ ಹಿಡಿದುಕೊಂಡ. ಯಾಕೆಂದರೆ ಸಾಯುವ ಮೊದಲು ಹಾಡುವ ಪದ್ಯಕ್ಕೆ ‘ಒನ್ಸ್ ಮೋರ್’ ಬಿತ್ತು. ‘ಒನ್ಸ್ ಮೋರ್’ ಕೂಗಿದವರು ಅಭಿಮನ್ಯುವಿನ ಭಾವಮೈದುನರು.

ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರನ್ನು ಕೇಳಿದೆ: “ಯಜಮಾನ್ರೇ, ಈ ಪಾತ್ರಾನ ಆ ಹುಡುಗನಿಗೇ ಕೊಡಬಹುದಾಗಿತ್ತಲ್ವಾ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಆ ಹುಡ್ಗನ್ತವ ದುಡ್ಡೆಲ್ಲೈತೆ ಸ್ವಾಮಿ?”

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ನಾಟಕ ಗೊತ್ತಿಲ್ಲದವರಿಗೆ ಈ ಉತ್ತರ ಒಗಟಿನ ಹಾಗೆ ಕೇಳಿಸಬಹುದು. ಬಿಡಿಸಿ ಹೇಳುತ್ತೇನೆ. ಬೇರೆ ಕಡೆ ನಟನಿಗೆ ದುಡ್ಡು ಕೊಡುತ್ತಾರೆ. ನಮ್ಮಲ್ಲಿ ನಟನೇ ದುಡ್ಡು ಕೊಡುತ್ತಾನೆ. ‘ಕುರುಕ್ಷೇತ್ರ’ ಆಡಬೇಕೆಂದು ಊರು ತೀರ್ಮಾನಿಸಿದ ದಿನವೇ ಪಾತ್ರಗಳಿಗೆ ಬೆಲೆ ಗೊತ್ತಾಗುತ್ತದೆ. ಕೃಷ್ಣನದು ಎಲ್ಲಕ್ಕಿಂತ ದುಬಾರಿ. ಅವನ ಹಿಂದೆಯೇ ದುರ್ಯೋಧನ. ಆಮೇಲೆ ಭೀಮ, ಕರ್ಣ, ಅರ್ಜುನ. ವಿದುರ ಅಗ್ಗ, ಸಹದೇವ ಇನ್ನೂ ಅಗ್ಗ. ಮಾತು ಕಡಿಮೆ ಇದ್ದಷ್ಟೂ ರಿಯಾಯಿತಿ. ಕೃಷ್ಣನಾಗಲು ಇಬ್ಬರು ತಯಾರಿದ್ದರೆ ಜಗಳವಿಲ್ಲ, ಪೂರ್ವಾರ್ಧಕ್ಕೆ ಒಬ್ಬ ಕೃಷ್ಣ, ಉತ್ತರಾರ್ಧಕ್ಕೆ ಇನ್ನೊಬ್ಬ. ಸಂಧಾನಕ್ಕೆ ಹೋದವನು ಕಪ್ಪಗೆ ಸಣ್ಣಗೆ ಇದ್ದು, ಗೀತೆ ಹೇಳುವವನು ಬೆಳ್ಳಗೆ ದುಂಡಗೆ ಇದ್ದರೆ ನೋಡುವವರು ಹೊಂದಿಸಿಕೊಳ್ಳಬೇಕು. ವಿಶ್ವರೂಪ ಎಂದರೆ ಅದೇ ತಾನೆ.

ಈ ದುಡ್ಡಿನಲ್ಲಿ ಸೀನರಿ ಬರುತ್ತದೆ, ಕಿರೀಟ ಭುಜಕೀರ್ತಿಗಳ ಡ್ರೆಸ್ಸು ಬರುತ್ತದೆ, ಮೈಕು, ಜನರೇಟರು, ತಿಂಗಳುಗಟ್ಟಲೆ ರಾತ್ರಿ ಹೊತ್ತು ದೇವಸ್ಥಾನದ ಜಗಲಿಯಲ್ಲಿ ತಾಲೀಮು ಮಾಡಿಸುವ ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ. ದ್ರೌಪದಿ, ಕುಂತಿ, ಉತ್ತರೆ, ರುಕ್ಮಿಣಿಯರು ಸಂಭಾವನೆಗೆ ಬರುತ್ತಾರೆ. ಇಡೀ ರಂಗದಲ್ಲಿ ದುಡ್ಡು ಕೊಡದೆ ದುಡ್ಡು ಪಡೆಯುವ ಕಲಾವಿದರೆಂದರೆ ಈ ಹೆಣ್ಣುಮಕ್ಕಳು ಮಾತ್ರ. ಅವತ್ತಿನ ಉತ್ತರೆಗೆ ಇಪ್ಪತ್ತು, ಇಪ್ಪತ್ತೆರಡು ಇದ್ದೀತು. ಅಪ್ಪನ ವಯಸ್ಸಿನವರನ್ನು ‘ಎಳೆಯ ವಯಸ್ಸಿನ ನನ್ನ ನಲ್ಲ’ ಎಂಬರ್ಥದಲ್ಲಿ ಕರೆದು, ಯುದ್ಧಕ್ಕೆ ಹೋಗಬೇಡ ಎಂದು ಕಣ್ಣಲ್ಲಿ ನೀರು ತಂದುಕೊಂಡು, ತಪ್ಪು ತಾಳಕ್ಕೆ ಹಾಡುತ್ತಿದ್ದ ಗಂಡನನ್ನು ತಾನೇ ಸರಿ ತಾಳಕ್ಕೆ ಎಳೆದುಕೊಂಡು ಬಂದು ಬಿಟ್ಟಳು. ಆ ರಾತ್ರಿ ರಂಗದ ಮೇಲೆ ನಡೆದ ಏಕೈಕ ಅಭಿನಯ ಅದು. ಅವಳಿಗೆ ‘ಒನ್ಸ್ ಮೋರ್’ ಬೀಳಲಿಲ್ಲ. ಆ ಊರಲ್ಲಿ ಅವಳಿಗೆ ಭಾವಮೈದುನರಿರಲಿಲ್ಲ. ಅವಳ ಅಂಕ ಮುಗಿದ ಮೇಲೆ ಸೈಡ್ ವಿಂಗಿನ ಹಿಂದೆ ಕಬ್ಬಿಣದ ಟ್ರಂಕಿನ ಮೇಲೆ ಕೂತು ಟೀ ಕುಡಿಯುತ್ತಿದ್ದಳು. ಮಾರನೆಯ ರಾತ್ರಿ ಕುಣಿಗಲ್ ಕಡೆ ಇನ್ನೊಬ್ಬ ಅಭಿಮನ್ಯುವನ್ನು ಯುದ್ಧಕ್ಕೆ ಕಳಿಸಬೇಕಿತ್ತು.

ಇದನ್ನೆಲ್ಲ ಗೇಲಿ ಮಾಡಲು ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ, ಗೇಲಿ ಮಾಡಲಿಕ್ಕೇ ಹೇಳುತ್ತಿದ್ದೇನೆ. ಆದರೆ ಕೈಯಿಂದ ದುಡ್ಡು ಹಾಕಿ, ಹಗಲು ರಾಗಿ ಹೊಲದಲ್ಲಿ ದುಡಿದು, ರಾತ್ರಿ ಕಂದಪದ್ಯ ಬಾಯಿಪಾಠ ಮಾಡುವ ಜನರ ಮೇಲೆ ನನಗೆ ಗೌರವವಿದೆ. ಊರಿಗೆ ಊರೇ ರಾತ್ರಿಯಿಡೀ ನಿದ್ದೆಗೆಟ್ಟು ಸಂಗೀತ ನಾಟಕ ನೋಡುವ ಜಿಲ್ಲೆಗಳು ಲೋಕದಲ್ಲಿ ಎಷ್ಟಿವೆ? ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಒಂದೇ ಸಂಗೀತ ನಾಟಕ ಹತ್ತಾರು ವರ್ಷ ಓಡಿದರೆ ಪತ್ರಿಕೆಗಳು ಬೆರಗಾಗಿ ಬರೆಯುತ್ತವೆ. ನಮ್ಮ ‘ಕುರುಕ್ಷೇತ್ರ’ ನನ್ನ ತಾತ ನೋಡಿದ್ದು, ಅಪ್ಪ ನೋಡಿದ್ದು, ನಾನು ನೋಡಿದ್ದು. ಟಿಕೆಟ್ಟೂ ಇಲ್ಲ, ಮುಕ್ತಾಯವೂ ಇಲ್ಲ. ನನ್ನ ತಕರಾರು ಒಂದೇ. ಇಷ್ಟು ದೀರ್ಘಕಾಲ ಓಡಿದ ನಾಟಕದೊಳಗೆ ಎಳೆಯರಿಗೆ ಜಾಗ ಇಲ್ಲ. ಇನ್ನು ಎಲ್ಲಿ ಅವರಿಗೆ ಜಾಗ ಕೊಟ್ಟಿದ್ದೇವೋ ಅಲ್ಲಿ ನೋಡಲು ನಾವಿಲ್ಲ.

ಹಾಗೆಂದರೆ ಜನ ಮೈಮೇಲೆ ಬರುತ್ತಾರೆ. “ಏನ್ ಸ್ವಾಮಿ, ಗುಬ್ಬಿ ವೀರಣ್ಣನವರ ಜಿಲ್ಲೇಲಿ ಕೂತ್ಕೊಂಡು ಇಂಥ ಮಾತಾಡ್ತೀರಾ?”

ಸರಿ, ಅಲ್ಲಿಗೇ ಹೋಗೋಣ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಆ ಊರಲ್ಲಿ 1884ರಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. ಸುಮಾರು ಆರು ವರ್ಷದ ಹುಡುಗನಾಗಿ ವೀರಣ್ಣ ಅದನ್ನು ಸೇರಿದರು. ಮುಂದೆ ಅದರ ಒಡೆಯರೇ ಆದರು. 1930ರ ದಶಕದಲ್ಲಿ ಅವರ ‘ಕುರುಕ್ಷೇತ್ರ’ದ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ನಡೆದುಬಂದವು. ನಮ್ಮವರಿಗೆ ಅದರಲ್ಲಿ ನೆನಪಿರುವುದು ಆನೆ. ಆನೆಗಿಂತ ದೊಡ್ಡ ಸಾಹಸವನ್ನು ವೀರಣ್ಣನವರು ಅದಕ್ಕೂ ಮೊದಲೇ, 1920ರ ದಶಕದಲ್ಲಿ ಮಾಡಿದ್ದರು. ಮಕ್ಕಳಿಗಾಗಿಯೇ ಬಾಲಕಲಾವರ್ಧಿನಿ ಎಂಬ ಬೇರೆ ತಂಡ ಕಟ್ಟಿದರು. ಮಕ್ಕಳ ನಾಟಕ ಎಂದರೆ ವಾರ್ಷಿಕೋತ್ಸವದ ಮೂಲೆಯಲ್ಲಿ ಹತ್ತು ನಿಮಿಷದ ಬಾಬ್ತು ಎಂದು ಅವರು ತಿಳಿದಿರಲಿಲ್ಲ. ಅದು ವೃತ್ತಿ, ಅದಕ್ಕೆ ತಾಲೀಮು ಬೇಕು, ಶ್ರುತಿ ಬೇಕು, ಕಾಸು ಕೊಟ್ಟು ಬಂದವನಿಗೆ ಮೋಸವಾಗಬಾರದು.

ಕಾಸು ಕೊಟ್ಟು ಬಂದವನು ಎಂಬುದನ್ನು ಗಮನಿಸಿ. ಆ ಕಾಲದ ಪ್ರೇಕ್ಷಕ ಸಾಧು ಪ್ರಾಣಿ ಆಗಿರಲಿಲ್ಲ. ನೆಲದ ಕ್ಲಾಸಿನಲ್ಲಿ ಕೂತವನು ಬೆಳಗಿನಿಂದ ದುಡಿದ ಕಾಸು ಕೊಟ್ಟಿರುತ್ತಿದ್ದ. ಹುಡುಗನ ದನಿ ಕೊನೆಯ ಸಾಲಿಗೆ ಮುಟ್ಟದಿದ್ದರೆ ಕೂಗಿ ಹೇಳುತ್ತಿದ್ದ, ಶ್ರುತಿ ಬಿಟ್ಟರೆ ಸೀಟಿ ಹೊಡೆಯುತ್ತಿದ್ದ, ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂದು ಅದೇ ಹಾಡನ್ನು ಮತ್ತೆ ಹಾಡಿಸಿ ಬಿಡುತ್ತಿದ್ದ. ಇಂಗ್ಲಿಷಿನ ಮಿಕ್ಕ ಪದಗಳು ನಮ್ಮ ಹಳ್ಳಿಗೆ ಶಾಲೆಯಿಂದ ಬಂದವು, ‘ಒನ್ಸ್ ಮೋರ್’ ನಾಟಕದ ಟೆಂಟಿನಿಂದ ಬಂತು. ಅದು ಹೊಗಳಿಕೆಯೂ ಹೌದು, ಮರುಪರೀಕ್ಷೆಯೂ ಹೌದು. ಮೊದಲ ಸಲ ಅದೃಷ್ಟದಿಂದ ಹತ್ತಿದ ಸ್ವರ ಎರಡನೆಯ ಸಲವೂ ಹತ್ತಬೇಕಲ್ಲ?

ಇವತ್ತು ‘ಒನ್ಸ್ ಮೋರ್’ಗೆ ಭಾವಮೈದುನರು ಸಿಕ್ಕಿದ್ದಾರೆ. ಮಕ್ಕಳಿಗಂತೂ ‘ಸೂಪರ್’ ಸಿಕ್ಕಿದೆ.

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ವರ್ಷದುದ್ದಕ್ಕೂ ಒಂದಲ್ಲ ಒಂದು ಶಾಲೆಯ, ಶಿಬಿರದ, ಸಂಘದ ಮಕ್ಕಳು ಬಣ್ಣ ಹಚ್ಚಿಕೊಂಡು ಕುಣಿಯುತ್ತಲೇ ಇರುತ್ತಾರೆ. ಹಿಂದಿನ ಸಾಲಿನಲ್ಲಿ ಕೂರುವುದು ನನ್ನ ಚಾಳಿ. ಅಲ್ಲಿಂದ ರಂಗಕ್ಕಿಂತ ಪ್ರೇಕ್ಷಕರು ಚೆನ್ನಾಗಿ ಕಾಣುತ್ತಾರೆ. ಹಾಗೆ ಕಂಡ ಕೆಲವು ತಳಿಗಳನ್ನು ಇಲ್ಲಿ ದಾಖಲಿಸುತ್ತೇನೆ.

ಮೊದಲನೆಯದು ವಂಶಾವಳಿ ತಳಿ. ಪರದೆ ಸರಿದು ಪುಟ್ಟ ಕೃಷ್ಣ ಕೊಳಲು ಹಿಡಿದು ಬಂದ ಕೂಡಲೇ ಈ ಪ್ರೇಕ್ಷಕ ಪಕ್ಕದವರನ್ನು ಕೇಳುತ್ತಾನೆ: “ಯಾರ ಮಗ ಇದು?” ಕೃಷ್ಣ ಬೆಣ್ಣೆ ಕದ್ದು ಸಿಕ್ಕಿಬಿದ್ದು ತಪ್ಪಿಸಿಕೊಂಡು ಹೋಗುವವರೆಗೂ ಇತ್ತ ಶೋಧನೆ ನಡೆದಿರುತ್ತದೆ. “ಬಿ.ಎಚ್. ರಸ್ತೇಲಿ ಬಟ್ಟೆ ಅಂಗಡಿ ಇಲ್ವಾ, ಅವರ ತಮ್ಮನ ಮಗ.” “ಓಹೋ, ಹಾಗಾದ್ರೆ ಅವರ ತಾತ ಶಾನುಭೋಗರು.” ವಂಶ ಗೊತ್ತಾದ ಮೇಲೆ ಅಭಿನಯದ ಬಗ್ಗೆ ತೀರ್ಪು ತಾನಾಗಿ ಹೊರಬೀಳುತ್ತದೆ: “ಅದಕ್ಕೇ ಮತ್ತೆ, ರಕ್ತದಲ್ಲೇ ಬಂದಿದೆ.” ಈ ವಿದ್ಯೆಗೆ ನಮ್ಮ ಜಿಲ್ಲೆಯಲ್ಲೇ ಗುರುಕುಲವಿದೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ನಡೆದುಬಂದದ್ದು. ಅಲ್ಲಿ ಹುಟ್ಟಿದ ಮರಿಗೆ ತಂದೆ ಯಾರು, ತಾಯಿ ಯಾರು, ತಾತ ಯಾವ ರೇಸ್ ಗೆದ್ದ ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಆದರೆ ಫಾರಂನವರು ಒಂದು ವಿಷಯದಲ್ಲಿ ನಮ್ಮ ಪ್ರೇಕ್ಷಕರಿಗಿಂತ ಜಾಣರು. ವಂಶಾವಳಿ ಬರೆದ ಮೇಲೂ ಮರಿಯನ್ನು ಓಡಿಸಿ ನೋಡುತ್ತಾರೆ.

ಎರಡನೆಯದು ಜ್ಯೋತಿಷಿ ತಳಿ. ಒಂದು ಮಗು ಗದೆ ಎತ್ತಿ ನಕ್ಕರೆ ಸಾಕು, “ಮುಂದಿನ ರಾಜ್‌ಕುಮಾರ್ ಕಣ್ರೀ ಇವನು!” ಹುಡುಗಿ ಕಣ್ಣೊರೆಸಿಕೊಂಡರೆ ಮುಂದಿನ ಬಿ. ಜಯಶ್ರೀ. ಹೆಜ್ಜೆ ತಪ್ಪಿ ಬಿದ್ದರೆ ಮುಂದಿನ ನರಸಿಂಹರಾಜು. ಮಗು ಏನೇ ಮಾಡಿದರೂ ಅದು ಮುಂದಿನ ಯಾರೋ ಆಗುತ್ತದೆ, ಇವತ್ತಿನ ಲೋಹಿತಾಶ್ವ ಮಾತ್ರ ಆಗುವುದಿಲ್ಲ. ಭವಿಷ್ಯ ಹೇಳುವವನಿಗೆ ವರ್ತಮಾನದಲ್ಲಿ ಕೂರುವ ಕಷ್ಟ ತಪ್ಪುತ್ತದೆ. ಹೇಳಿಬಿಟ್ಟು ಬೋಂಡ ತಿನ್ನಲು ಹೊರಗೆ ಹೋಗಬಹುದು.

ಮೂರನೆಯದು ಎದ್ದುನಿಂತ ತಳಿ. ಇವರು ತಂದೆತಾಯಿಗಳು. ತಮ್ಮ ಮಗು ಬಂದಾಗ ಎದ್ದು ನಿಂತು ಮೊಬೈಲ್ ಎತ್ತುತ್ತಾರೆ, ಹೋದಾಗ ಕೂತು ಅದನ್ನು ಮನೆಯ ಗ್ರೂಪಿಗೆ ಕಳಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಬೇರೆಯವರ ಮಗು ಬಂದು ಹೋಗಿರುತ್ತದೆ. ರಾವಣನ ಸಭೆಯಲ್ಲಿ ಹನ್ನೆರಡು ಮಕ್ಕಳಿದ್ದರೆ ಆ ದೃಶ್ಯವನ್ನು ಪೂರ್ತಿ ನೋಡಿದವರು ಒಬ್ಬರೂ ಇರುವುದಿಲ್ಲ. ಹನ್ನೆರಡು ಕುಟುಂಬಗಳು ಹನ್ನೆರಡು ಬೇರೆ ಬೇರೆ ನಾಟಕ ನೋಡಿ ಮನೆಗೆ ಹೋಗುತ್ತವೆ. ಒಂದು ಸಲ ಮರದ ಪಾತ್ರ ಮಾಡಿದ ಹುಡುಗನ ತಾಯಿ ತನ್ನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು: “ಇಲ್ಲ ಕಣೇ, ನಾಟಕದ ಹೆಸರು ಗೊತ್ತಿಲ್ಲ. ಆದ್ರೆ ನಮ್ಮ ಪುಟ್ಟಂದೇ ಮೇನ್ ರೋಲು, ಕೊನೇತನಕ ಸ್ಟೇಜ್ ಮೇಲೇ ಇದ್ದ.”

ನಾಲ್ಕನೆಯದು ಮುಖ್ಯ ಅತಿಥಿ ತಳಿ. ಆರು ಗಂಟೆಯ ಕಾರ್ಯಕ್ರಮಕ್ಕೆ ಏಳೂವರೆಗೆ ಬರುತ್ತಾರೆ. ಅಲ್ಲಿಯವರೆಗೆ ಮಕ್ಕಳು ಬಣ್ಣ ಹಚ್ಚಿಕೊಂಡು, ಬಣ್ಣ ಕೆಡುತ್ತದೆಂದು ನೀರು ಕುಡಿಯದೆ, ಮೇಕಪ್ ಕೋಣೆಯಲ್ಲಿ ಮುದುರಿ ಕೂತಿರುತ್ತವೆ. ದೀಪ, ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಅತಿಥಿಗಳ ಮಾತು: “ಈಗ ತಾನೇ ಈ ಮಕ್ಕಳ ಅದ್ಭುತ ಅಭಿನಯವನ್ನು…” ನಿರೂಪಕಿ ಕಿವಿಯಲ್ಲಿ ಏನೋ ಉಸುರುತ್ತಾಳೆ. “…ಈಗ ತಾನೇ ನೋಡಲಿದ್ದೇವೆ. ನನಗೆ ಇನ್ನೊಂದು ಕಾರ್ಯಕ್ರಮ ಇರೋದರಿಂದ ಅವರಿಗೆ ಮುಂಚಿತವಾಗಿಯೇ ಅಭಿನಂದನೆ ಸಲ್ಲಿಸ್ತೀನಿ.” ನಾಟಕ ಶುರುವಾಗುವ ಮೊದಲೇ ವಿಮರ್ಶೆ ಬರೆಯುವ ಕಲೆಯನ್ನು ಪತ್ರಿಕೆಯವರು ಇವರಿಂದ ಕಲಿಯಬೇಕು. ಅತಿಥಿಗಳ ಹಿಂದೆ ಅವರ ಕಡೆಯವರು ಹೋಗುತ್ತಾರೆ, ಅವರ ಹಿಂದೆ ಫೋಟೊ ತೆಗೆಯುವವರು. ಪರದೆ ಸರಿಯುವ ಹೊತ್ತಿಗೆ ಮುಂದಿನ ಎರಡು ಸಾಲು ಖಾಲಿ. ಮೊದಲ ಬಾರಿ ರಂಗಕ್ಕೆ ಬಂದ ಮಗುವಿಗೆ ಮೊದಲು ಕಾಣುವುದು ಬಿಳಿ ಟವೆಲ್ ಹೊದ್ದ ಖಾಲಿ ಸೋಫಾ.

ಐದನೆಯದು ಅಂಕಪಟ್ಟಿ ತಳಿ. ನಾಟಕ ಮುಗಿದ ಮೇಲೆ ಮಗುವಿನ ಕೆನ್ನೆ ಹಿಂಡಿ ಕೇಳುವ ಮೊದಲ ಪ್ರಶ್ನೆ: “ತುಂಬಾ ಚೆನ್ನಾಗಿ ಮಾಡ್ದೆ ಪುಟ್ಟ. ಓದೋದ್ರಲ್ಲಿ ಹೇಗೆ?” ಮಗು ಇನ್ನೂ ಕಿರೀಟ ತೆಗೆದಿರುವುದಿಲ್ಲ. ಹಿರಣ್ಯಕಶಿಪುವನ್ನೇ ಎದುರಿಸಿ ಬಂದ ಪ್ರಹ್ಲಾದ ಈ ಪ್ರಶ್ನೆಗೆ ತಲೆ ತಗ್ಗಿಸುತ್ತಾನೆ.

ಈ ಐದನೆಯ ತಳಿಯವರ ಬಾಯಲ್ಲೇ ನೀವು ಗುಬ್ಬಿ ಕಂಪನಿಯ ಪುರಾಣವನ್ನೂ ಕೇಳಬೇಕು. ಗಾಜನೂರಿನ ಮುತ್ತುರಾಜ ಶಾಲೆ ಬಿಟ್ಟು ಅಪ್ಪನ ಜತೆ ಗುಬ್ಬಿ ಕಂಪನಿಯಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ್ದು, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ರಾಜ್‌ಕುಮಾರ್ ಆದದ್ದು. ನಮ್ಮ ತಿಪಟೂರಿನ ನರಸಿಂಹರಾಜು ಮಗುವಾಗಿದ್ದಾಗಲೇ ನಾಟಕಕ್ಕೆ ಬಿದ್ದದ್ದು. ಜಿ.ವಿ. ಅಯ್ಯರ್ ಎಂಟು ವರ್ಷಕ್ಕೇ ಕಂಪನಿ ಸೇರಿದ್ದು. ಮಂಚಿಯ ಬಿ.ವಿ. ಕಾರಂತರು ಮನೆ ಬಿಟ್ಟು ಓಡಿಬಂದದ್ದು. ಎಲ್ಲವನ್ನೂ ಕಣ್ಣರಳಿಸಿ ಹೇಳುತ್ತಾರೆ. ಹೇಳುತ್ತಿರುವಾಗಲೇ ಅವರ ಮಗ “ಅಪ್ಪಾ, ಬೇಸಿಗೆ ಶಿಬಿರಕ್ಕೆ ಹೋಗ್ಲಾ?” ಎಂದರೆ, “ಮೊದಲು ಎಸ್ಸೆಸ್ಸೆಲ್ಸಿ ಮುಗೀಲಿ” ಎನ್ನುತ್ತಾರೆ. ತುಮಕೂರಿನಲ್ಲಿ ಎಲ್ಲರಿಗೂ ಇನ್ನೊಬ್ಬ ಗುಬ್ಬಿ ವೀರಣ್ಣ ಬೇಕು, ಆದರೆ ಪಕ್ಕದ ಮನೆಯಲ್ಲಿ ಹುಟ್ಟಬೇಕು.

ಅಪ್ಪಂದಿರನ್ನು ಪೂರ್ತಿ ದೂಷಿಸಲಾರೆ. ಕಂಪನಿಯ ದಿನಗಳು ನಾವು ಹಾಡಿಹೊಗಳುವಷ್ಟು ಸಿಹಿಯಾಗೇನೂ ಇರಲಿಲ್ಲ. ಊರೂರು ಕ್ಯಾಂಪು, ರಾತ್ರಿಯೆಲ್ಲ ಎಚ್ಚರ, ಮಳೆ ಹಿಡಿದರೆ ಕಲೆಕ್ಷನ್ ಇಲ್ಲ, ಕಲೆಕ್ಷನ್ ಇಲ್ಲದಿದ್ದರೆ ಸಂಬಳವಿಲ್ಲ. ಕೃಷ್ಣ, ಧ್ರುವ, ಮಾರ್ಕಂಡೇಯ ಎಂದು ಮೆರೆದ ಹುಡುಗನಿಗೆ ಹದಿಮೂರು ಹದಿನಾಲ್ಕಕ್ಕೆ ಗಂಟಲು ಒಡೆಯುತ್ತಿತ್ತು. ಅದರೊಂದಿಗೆ ಪಾತ್ರವೂ ಹೋಗುತ್ತಿತ್ತು. ಅಂಥವರಲ್ಲಿ ಒಬ್ಬ ರಾಜ್‌ಕುಮಾರ್ ಆದರು. ಮಿಕ್ಕವರು ಪರದೆ ಎಳೆದರು, ಗೇಟಿನಲ್ಲಿ ನಿಂತರು, ಊರಿಗೆ ಹೋಗಿ ಬೀಡಿ ಅಂಗಡಿ ಇಟ್ಟರು. ಅವರ ಹೆಸರಿನಲ್ಲಿ ರಂಗಮಂದಿರಗಳಿಲ್ಲ. ಶಾಲೆ ಬಿಡಿಸಿ ಮಕ್ಕಳನ್ನು ರಂಗಕ್ಕೆ ತಳ್ಳಿ ಎಂದು ನಾನು ಬೋಧಿಸಿದರೆ ನನ್ನನ್ನು ಅಮಾನಿಕೆರೆಗೆ ತಳ್ಳಬೇಕು.

ಆದರೆ ಕಾರಂತರ ಕಥೆಯ ಉತ್ತರಾರ್ಧವನ್ನು ಈ ಭಾಷಣಕಾರರು ಹೇಳುವುದಿಲ್ಲ. ಓಡಿಬಂದ ಆ ಹುಡುಗನನ್ನು ವೀರಣ್ಣನವರು ಕಂಪನಿಯ ಮೂಲೆಯಲ್ಲಿ ಕೊಳೆಯಲು ಬಿಡಲಿಲ್ಲ. ಎಂ.ಎ. ಓದಲು ಬನಾರಸಿಗೆ ಕಳಿಸಿದರು. ಆ ಹುಡುಗ 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದ. ಓದು ಮತ್ತು ರಂಗ ಒಂದಕ್ಕೊಂದು ಸವತಿಯರಲ್ಲ ಎಂಬುದು ಶಾಲೆಯನ್ನೇ ಸರಿಯಾಗಿ ಕಾಣದೆ ರಂಗಕ್ಕೆ ಬಂದ ಗುಬ್ಬಿಯ ಮಾಲೀಕರಿಗೆ ಗೊತ್ತಿತ್ತು. ಹುಡುಗನೊಳಗೆ ಏನಿದೆ ಎಂದು ಅವರು ನೋಡಿದ್ದರು. ನೋಡದೆ ಬನಾರಸಿಗೆ ಯಾರೂ ದುಡ್ಡು ಕೊಟ್ಟು ಕಳಿಸುವುದಿಲ್ಲ. “ಸೂಪರ್ ಪುಟ್ಟ” ಎಂದಿದ್ದರೆ ಖರ್ಚೂ ಉಳಿಯುತ್ತಿತ್ತು.

ಇಷ್ಟೆಲ್ಲ ಬರೆದ ಮೇಲೆ ನನ್ನ ತಳಿ ಯಾವುದು ಎಂದು ಕೇಳುವ ಹಕ್ಕು ಓದುಗರಿಗಿದೆ. ಹೇಳಿಬಿಡುತ್ತೇನೆ, ನಾಚಿಕೆಯ ಸಂಗತಿ.

ಹೋದ ವರ್ಷ ಕುಣಿಗಲ್ ತಾಲ್ಲೂಕಿನ ಒಂದು ಊರಿನಲ್ಲಿ ಮಕ್ಕಳು ‘ಲವಕುಶ’ ಆಡಿದರು. ಶಾಲೆಯ ಅಂಗಳದಲ್ಲಿ ಬೆಂಚು ಜೋಡಿಸಿ ಮೇಲೆ ಜಮಖಾನ ಹಾಸಿದ ರಂಗ. ಹಿನ್ನೆಲೆಗೆ ಬಾಡಿಗೆ ತಂದ ಅರಣ್ಯದ ಪರದೆ. ಅದರ ಅಂಚಿನಲ್ಲಿ ಹಿಂದಿನ ನಾಟಕದ ದರ್ಬಾರಿನ ಕಂಬ ಇಣುಕುತ್ತಿತ್ತು. ಕುಶನಾಗಿದ್ದವಳು ಐದನೆಯ ಕ್ಲಾಸಿನ ಒಬ್ಬ ಹುಡುಗಿ. ತುರುಬು ಎತ್ತಿ ಕಟ್ಟಿ ರುದ್ರಾಕ್ಷಿ ಸುತ್ತಿದ್ದರು. ಮೀಸೆ ಬೇಡವೆಂದರೂ ಯಾರೋ ಉತ್ಸಾಹಿ ಕಾಡಿಗೆಯಲ್ಲಿ ಸಣ್ಣ ಮೀಸೆ ಎಳೆದಿದ್ದರು. ಲವ ಅವಳಿಗಿಂತ ಗೇಣುದ್ದ ಎತ್ತರದ ಹುಡುಗ. ನಾಟಕ ಮುಗಿದ ಮೇಲೆ ಅವಳು ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ನೇರ ನನ್ನ ಹತ್ತಿರ ಬಂದಳು. ನಾನು ಪೇಪರಿನಲ್ಲಿ ಬರೆಯುತ್ತೇನೆಂದು ಯಾರೋ ಹೇಳಿದ್ದರು.

“ಅಂಕಲ್, ಹೇಗಿತ್ತು?”

“ಸೂಪರ್ ಪುಟ್ಟಿ.”

“ಯಾವ್ದು ಚೆನ್ನಾಗಿತ್ತು?”

“ಎಲ್ಲಾನೂ ಚೆನ್ನಾಗಿತ್ತು.”

ಅವಳು ಸುಮ್ಮನೆ ನನ್ನ ಮುಖ ನೋಡಿದಳು. ಮೀಸೆ ಒಂದು ಕಡೆ ಅಳಿಸಿಹೋಗಿತ್ತು. “ಕುದುರೆ ಕಟ್ಟಿಹಾಕೋ ಸೀನಲ್ಲಿ ಲವ ಮಾತು ಮರ್ತೋದ. ಅವನ ಮಾತೂ ನಾನೇ ಹೇಳ್ದೆ. ನೀವು ನೋಡ್ಲಿಲ್ವಾ?”

ನಾನು ನೋಡಿರಲಿಲ್ಲ. ಕುದುರೆ ಕಟ್ಟಿಹಾಕುವ ಹೊತ್ತಿನಲ್ಲಿ ನಾನು ಆ ಪರದೆಯ ಕಂಬದ ಬಗ್ಗೆ ಒಂದು ಚುರುಕಾದ ಸಾಲು ಹೊಸೆಯುತ್ತಿದ್ದೆ. ಅರಣ್ಯದಲ್ಲಿ ಅರಮನೆಯ ಕಂಬ, ರಾಮರಾಜ್ಯದಲ್ಲಿ ಅರಣ್ಯ ಒತ್ತುವರಿ, ಹೀಗೇನೋ. ಆ ಸಾಲು ನನಗೆ ಬಹಳ ಹಿಡಿಸಿತ್ತು. ಮಗುವಿನ ಮುಂದೆ ಹಲ್ಲು ಕಿರಿದೆ.

ಅಷ್ಟರಲ್ಲಿ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಗೆ ಬಟ್ಟೆ ಸುತ್ತುತ್ತಾ ಅಲ್ಲಿಂದಲೇ ಗದರಿದರು: “ಏಯ್ ಕುಶ, ಬಾರವ್ವ ಇಲ್ಲಿ. ಎರಡನೇ ಹಾಡಲ್ಲಿ ಶ್ರುತಿ ಎಲ್ಲಿ ಬಿಟ್ಟೆ? ನಾನು ಪೆಟ್ಟಿಗೇಲಿ ಅಲ್ಲೇ ನಿಂತ್ಕಂಡಿದ್ದೆ, ನೀನು ಕೆಳಕ್ಕಿಳಿದ್ಬಿಟ್ಟೆ.” ಅವಳು ತಲೆ ಕೆರೆದುಕೊಂಡಳು. “ಕುದುರೆ ಸೀನಲ್ಲಿ ಆ ದಡ್ಡನ ಮಾತು ಎತ್ಕಂಡೆಯಲ್ಲ, ಎಷ್ಟೊತ್ತು ಕಾದೆ ಎತ್ಕಳಕ್ಕೆ?”

“ನೀವು ಇನ್ನೊಂದು ಸಲ ಸ್ವರ ನುಡಿಸಿದ್ರಲ್ಲ ಸಾ, ಆಗ ಎತ್ಕಂಡೆ.”

“ಹೂಂ. ಅದು ನಾಟಕ ಕಣವ್ವ. ಶ್ರುತಿ ನಾಳೆ ನೋಡ್ಕಳನ.”

ಅವಳ ಮುಖ ಅರಳಿದ್ದು ಆಗ. ಬೈಸಿಕೊಂಡ ಮೇಲೆ. ನನ್ನ ‘ಸೂಪರ್’ ಅವಳಿಗೆ ಕೊಡಲಾಗದ್ದನ್ನು ಮೇಷ್ಟ್ರ ಗದರಿಕೆ ಕೊಟ್ಟಿತ್ತು. ತಾನು ಮಾಡಿದ್ದನ್ನು ಒಬ್ಬರು ಮೊದಲಿಂದ ಕೊನೆಯವರೆಗೆ ನೋಡಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು, ಲವನ ಬೆನ್ನಿಗೊಂದು ಗುದ್ದಿ, ಚಿತ್ರಾನ್ನದ ಸಾಲಿಗೆ ಓಡಿದಳು.

ಅಂದಿನಿಂದ ನನಗೊಂದು ಅನುಮಾನ. ಮಕ್ಕಳ ನಾಟಕಕ್ಕೆ ನಾವು ಹೊಡೆಯುವ ಚಪ್ಪಾಳೆ ಬಹುಮಟ್ಟಿಗೆ ನೋಡದೇ ಇದ್ದುದಕ್ಕೆ ಕಟ್ಟುವ ದಂಡ. ಎಷ್ಟು ಕಡಿಮೆ ನೋಡಿದ್ದೇವೋ ಅಷ್ಟು ಜೋರಾಗಿ ಹೊಡೆಯುತ್ತೇವೆ. ಹಳೆಯ ನೆಲದ ಕ್ಲಾಸಿನವನ ಸೀಟಿಯಲ್ಲಿ ಒರಟುತನವಿತ್ತು, ಕೆಲವೊಮ್ಮೆ ಕ್ರೌರ್ಯವೂ ಇತ್ತು. ಆದರೆ ಸೀಟಿ ಹೊಡೆಯಬೇಕಾದರೂ ಶ್ರುತಿ ಎಲ್ಲಿ ತಪ್ಪಿತೆಂದು ಕೇಳಿಸಿಕೊಂಡಿರಬೇಕು. ‘ಸೂಪರ್’ ಎನ್ನಲು ಕಿವಿಯೂ ಬೇಡ, ಕಣ್ಣೂ ಬೇಡ, ಸಭಾಂಗಣದೊಳಗೆ ಇರಲೂ ಬೇಕಾಗಿಲ್ಲ. ಮುಖ್ಯ ಅತಿಥಿಗಳು ಅದನ್ನು ಸಾಬೀತು ಮಾಡಿದ್ದಾರೆ.

ಮಗು ಎಲ್ಲ ಮರೆತರೂ ಇದನ್ನು ಮರೆಯುವುದಿಲ್ಲ. ಏನು ಮಾಡಿದರೂ ‘ಸೂಪರ್’ ಎಂದು ಆರನೆಯ ವಯಸ್ಸಿಗೇ ಕಲಿತ ಹುಡುಗ ಐವತ್ತೆರಡಕ್ಕೆ ಏನು ಮಾಡುತ್ತಾನೆ? ದುಡ್ಡು ಕೊಟ್ಟು ಅಭಿಮನ್ಯುವಿನ ಪಾತ್ರ ತೆಗೆದುಕೊಳ್ಳುತ್ತಾನೆ, ಭಾವಮೈದುನರಿಂದ ‘ಒನ್ಸ್ ಮೋರ್’ ಹಾಕಿಸಿಕೊಳ್ಳುತ್ತಾನೆ. ನಮ್ಮ ಕುರುಕ್ಷೇತ್ರದ ಅಭಿಮನ್ಯುಗಳು ಆಕಾಶದಿಂದ ಉದುರಿದವರಲ್ಲ. ನಾವೇ ಚಪ್ಪಾಳೆ ಹೊಡೆದು ಬೆಳೆಸಿದ ಮಕ್ಕಳು.

ಆದ್ದರಿಂದ ಊರಿನ ನಾಟಕ ಮಂಡಳಿಗಳಿಗೆ ಒಂದು ವಿನಂತಿ. ಕೃಷ್ಣ, ದುರ್ಯೋಧನರನ್ನು ಎಷ್ಟಕ್ಕಾದರೂ ಕೊಡಿ, ಮಳಿಗೆಯ ಹಾಗೆ ಹರಾಜು ಹಾಕಿ, ಬೇಕಾದರೆ ನಾಲ್ಕು ಜನ ಕೃಷ್ಣರನ್ನು ಇಡಿ. ಅಭಿಮನ್ಯು ಒಬ್ಬನನ್ನು ಪುಕ್ಕಟೆ ಬಿಡಿ. ಊರಿನ ಹೈಸ್ಕೂಲು, ಪಿಯುಸಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ಹಾಡಿಸಿ, ಮೇಷ್ಟ್ರು ಯಾರನ್ನು ತೋರಿಸುತ್ತಾರೋ ಅವನಿಗೆ ಕೊಡಿ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ನೀವು ನಾಟಕ ಆಡುವುದು, ಓದಿಗೂ ತೊಂದರೆಯಿಲ್ಲ. ಅವನು ತಪ್ಪಿದರೆ ತಪ್ಪಿದ ಎನ್ನಿ. ನಷ್ಟವಾಗುವ ದುಡ್ಡನ್ನು ಮುಖ್ಯ ಅತಿಥಿಗಳ ಶಾಲು, ಹಣ್ಣಿನ ಬುಟ್ಟಿಯ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು.

ನೋಡುವವರಿಗೂ ಒಂದು ಮಾತು. ಮುಂದಿನ ಸಲ ಒಂದು ಮಗು ಬಣ್ಣ ಹಚ್ಚಿಕೊಂಡು ನಿಮ್ಮ ಮುಂದೆ ನಿಂತರೆ ಮೊಬೈಲ್ ಜೇಬಿನಲ್ಲಿಡಿ, ಅದು ಯಾರ ಮಗ ಎಂದು ಕೇಳಬೇಡಿ, ಕೊನೆಯವರೆಗೆ ಕೂತಿರಿ. ಮುಗಿದ ಮೇಲೆ ಎರಡೇ ಮಾತು ಹೇಳಿ: ಇಂಥ ಸೀನಿನಲ್ಲಿ ಇಂಥದ್ದು ಚೆನ್ನಾಗಿತ್ತು, ಇಂಥ ಸೀನಿನಲ್ಲಿ ಇಂಥದ್ದು ತಪ್ಪಿತು. ಹೇಳಲು ನಿಮಗೆ ಎರಡು ಮಾತೂ ಸಿಗದಿದ್ದರೆ, ಆವತ್ತು ಮಾತು ಮರೆತವನು ಲವ ಅಲ್ಲ.